ಓದುಗರ ಪ್ರಶ್ನೆ, ತಜ್ಞರ ಉತ್ತರ: ಕ್ಲೌಡ್ ಕಂಪನಿ ಬೆಳೆಯುವಾಗ

ಪ್ರಶ್ನೆ: ನಮ್ಮದು ತಿಂಗಳ ಚಂದಾ ಪಡೆದು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಕಂಪನಿ. ತಿಂಗಳಿಗೆ 20 ಹೊಸ ಗ್ರಾಹಕರು ಬರುತ್ತಾರೆ. ಆದರೂ ಒಟ್ಟು ಸಂಖ್ಯೆ 400ರ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಮಾರಾಟಕ್ಕೆ ಇನ್ನಿಬ್ಬರನ್ನು ನೇಮಿಸಿಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ಬಂದಷ್ಟೇ ಜನ ಬಿಟ್ಟುಹೋಗುತ್ತಿದ್ದಾರೆ. 400ರಲ್ಲಿ 20 ಎಂದರೆ ತಿಂಗಳಿಗೆ ಶೇ 5. ಕೇಳಲು ಸಣ್ಣದೆನಿಸಿದರೂ ವರ್ಷ ಕಳೆಯುವಷ್ಟರಲ್ಲಿ 100 ಗ್ರಾಹಕರಲ್ಲಿ ಉಳಿಯುವುದು 54 ಮಂದಿ ಮಾತ್ರ. ಹೊಸಬರ ಸಂಖ್ಯೆಯನ್ನು ಈ ಪ್ರಮಾಣದಿಂದ ಭಾಗಿಸಿ: 20 ಭಾಗ 0.05, ಅಂದರೆ 400. ನಿಮ್ಮ ಮಿತಿ ಅಲ್ಲೇ ಇದೆ. ಬಿಟ್ಟುಹೋಗುವವರನ್ನು ಶೇ 2.5ಕ್ಕೆ ಇಳಿಸಿದರೆ, ಮಾರಾಟ ಹೆಚ್ಚದಿದ್ದರೂ ಮಿತಿ 800ಕ್ಕೆ ಏರುತ್ತದೆ.

ಸೇರಿದ ತಿಂಗಳಿನ ಪ್ರಕಾರ ಗ್ರಾಹಕರನ್ನು ಗುಂಪು ಮಾಡಿ, ಪ್ರತಿ ಗುಂಪು ಎಷ್ಟನೇ ತಿಂಗಳಲ್ಲಿ ಕರಗುತ್ತದೆ ಎಂದು ನೋಡಿ. ಮೊದಲ 90 ದಿನಗಳಲ್ಲೇ ಹೋಗುತ್ತಿದ್ದರೆ ಹಳೆಯ ಲೆಕ್ಕಪತ್ರವನ್ನು ಒಳಗೆ ತರುವುದೇ ಅವರಿಗೆ ಕಷ್ಟವಾಗಿರಬಹುದು. ಆ ಕೆಲಸವನ್ನು ನಿಮ್ಮವರೇ ಮಾಡಿಕೊಡಲಿ. ಬೇಕೆಂದು ಬಿಟ್ಟವರ ಜೊತೆಗೆ, ಕಾರ್ಡಿನ ಅವಧಿ ಮುಗಿದು ಹಣ ಕಡಿತವಾಗದೆ ಹೊರಬಿದ್ದವರೂ ಇರುತ್ತಾರೆ. ಅವಧಿ ಮುಗಿಯುವ ಮೊದಲೇ ನೆನಪಿಸಿ, ಪಾವತಿ ವಿಫಲವಾದರೆ 1, 3, 7ನೇ ದಿನ ಮತ್ತೆ ಪ್ರಯತ್ನಿಸುವಂತೆ ಮಾಡಿ. ಬಿಟ್ಟುಹೋದವರಿಗೆ ಫಾರ್ಮ್ ಕಳಿಸಬೇಡಿ, ಫೋನ್ ಮಾಡಿ. ಫಾರ್ಮಿನಲ್ಲಿ ಎಲ್ಲರೂ "ಬೆಲೆ ಜಾಸ್ತಿ" ಎಂದೇ ಬರೆಯುತ್ತಾರೆ.

ಪ್ರಶ್ನೆ: 12 ಜನ ಇದ್ದಾಗ ಎಲ್ಲವೂ ಸಲೀಸಾಗಿತ್ತು. ಈಗ 40 ಮಂದಿ ಇದ್ದೇವೆ. ತೀರ್ಮಾನಗಳು ನಿಧಾನವಾಗಿವೆ, ಹೊಸಬರು ಹೊರಗಿನವರಂತೆಯೇ ಉಳಿದಿದ್ದಾರೆ. ಏನು ಮಾಡೋಣ?

ಉತ್ತರ: 12 ಜನರ ನಡುವೆ 66 ಜೋಡಿ ಸಂಬಂಧಗಳಿರುತ್ತವೆ, 40 ಜನರ ನಡುವೆ 780. ಬಾಯಿಮಾತಿನಲ್ಲಿ ಇಷ್ಟನ್ನು ನಿಭಾಯಿಸಲು ಆಗದು. ಪ್ರತಿ ದೊಡ್ಡ ತೀರ್ಮಾನವನ್ನೂ ಒಂದು ಪುಟದಲ್ಲಿ ಬರೆದಿಡಿ: ಸಮಸ್ಯೆ ಏನು, ಯಾವ ದಾರಿಗಳನ್ನು ಕೈಬಿಟ್ಟಿರಿ, ಯಾಕೆ, ಕೊನೆಯ ಮಾತು ಯಾರದ್ದು. ಹೊಸಬರಿಗೆ ಹೆಚ್ಚು ಬೇಕಾಗಿರುವುದು ಆ "ಯಾಕೆ". ಮೊದಲ ವಾರದಲ್ಲೇ ಅವರ ಕೈಯಿಂದ ಒಂದು ಸಣ್ಣ ಬದಲಾವಣೆ ಗ್ರಾಹಕರನ್ನು ತಲುಪಲಿ, ಒಂದು ದಿನವಾದರೂ ಗ್ರಾಹಕರ ದೂರುಗಳಿಗೆ ಉತ್ತರಿಸಲಿ.

ಗೋಡೆಯ ಮೇಲೆ ಮೌಲ್ಯಗಳ ಪಟ್ಟಿ ಅಂಟಿಸುವ ಮೊದಲು ಹಿಂದಿನ ಬಡ್ತಿಗಳ ಪಟ್ಟಿ ತೆಗೆದು ನೋಡಿ. ಚುರುಕಾಗಿ ಕೋಡ್ ಬರೆದರೂ ಸಹೋದ್ಯೋಗಿಗಳನ್ನು ಹೀಯಾಳಿಸುವವರಿಗೆ ಬಡ್ತಿ ಸಿಕ್ಕಿದ್ದರೆ, ಉಳಿದವರು ಕಲಿತ ಪಾಠ ಅದೇ.

ಪ್ರಶ್ನೆ: ಸೇವೆ ನಿಂತಾಗಲೆಲ್ಲ "ಯಾರು ಮಾಡಿದ್ದು?" ಎಂಬ ವಿಚಾರಣೆ ನಡೆಯುತ್ತದೆ. ಹಾಗೆ ಕೇಳದಿದ್ದರೆ ಶಿಸ್ತು ಉಳಿಯುತ್ತದೆಯೇ?

ಉತ್ತರ: ಹಾಗೆ ಕೇಳಿದರೆ ಮುಂದಿನ ಸಲ ಸತ್ಯ ತಡವಾಗಿ ಹೊರಬರುತ್ತದೆ. ಶೇ 99.9 ಲಭ್ಯತೆಯ ಭರವಸೆ ಕೊಟ್ಟಿದ್ದರೆ 30 ದಿನಗಳಲ್ಲಿ ನಿಮ್ಮ ಸೇವೆ ನಿಲ್ಲಬಹುದಾದ ಒಟ್ಟು ಸಮಯ ಸುಮಾರು 43 ನಿಮಿಷ. ಅದನ್ನು ವಿಚಾರಣೆಯಲ್ಲಿ ಕಳೆಯುವಂತಿಲ್ಲ.

2017ರ ಜನವರಿ 31ರಂದು, ಕೋಡ್ ಸಂಗ್ರಹಿಸಿಡುವ ಸೇವೆ ನೀಡುವ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟುಬಿಟ್ಟರು. ಸುಮಾರು 300 ಜಿಬಿ ದತ್ತಾಂಶ ಅಳಿಸಿಹೋಯಿತು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆಯಿತು. ಆಗ ಕಂಡದ್ದು ಬೇರೆಯೇ: ಡೇಟಾಬೇಸಿನ ನಿತ್ಯದ ಬ್ಯಾಕಪ್, ಬ್ಯಾಕಪ್ ಸಾಧನದ ಮತ್ತು ಡೇಟಾಬೇಸಿನ ಆವೃತ್ತಿಗಳು ಒಂದಕ್ಕೊಂದು ಹೊಂದದ ಕಾರಣ ವಿಫಲವಾಗುತ್ತಿತ್ತು, ಅದನ್ನು ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಒಬ್ಬರ ಕೈತಪ್ಪನ್ನಷ್ಟೇ ಹಿಡಿದು ಕೂತಿದ್ದರೆ ಇದು ಕಾಣುತ್ತಿತ್ತೇ?

ಘಟನೆಯಾದ ಐದು ದಿನಗಳೊಳಗೆ ನಿಮಿಷವಾರು ವಿವರ ಬರೆಯಿರಿ. ಹೆಸರಿನ ಬದಲು ಹುದ್ದೆ ಸಾಕು. ಪ್ರತಿ ಪರಿಹಾರಕ್ಕೂ ಒಬ್ಬರು ಹೊಣೆಗಾರರು, ಒಂದು ದಿನಾಂಕ ಇರಲಿ. ಇವಿಲ್ಲದ ವರದಿ ಕಡತ ಸೇರುತ್ತದೆ, ಅದೇ ದೋಷ ಮರಳುತ್ತದೆ. ಮತ್ತೊಂದು ಮಾತು: ಬ್ಯಾಕಪ್ ಇದೆ ಎಂದು ನಂಬಬೇಡಿ, ತಿಂಗಳಿಗೊಮ್ಮೆ ಬೇರೆ ಸರ್ವರಿಗೆ ಮರಳಿಸಿ ನೋಡಿ.

ಪ್ರಶ್ನೆ: ನಮ್ಮ ಆದಾಯದ ಶೇ 30 ಕೊಡುವ ಗ್ರಾಹಕರು ತಮಗೊಬ್ಬರಿಗೇ ವಿಶೇಷ ಸೌಲಭ್ಯ ಕೇಳುತ್ತಿದ್ದಾರೆ. ಒಪ್ಪಲೇ?

ಉತ್ತರ: ಇನ್ನೂ ಮೂರು ಗ್ರಾಹಕರಾದರೂ ಬಳಸುವಂತಿದ್ದರೆ ಒಪ್ಪಿ, ಎಲ್ಲರಿಗೂ ಕೊಡಿ. ಇಲ್ಲವಾದರೆ ಎಪಿಐ (ಬೇರೆ ಸಾಫ್ಟ್‌ವೇರ್ ನಿಮ್ಮದರ ಜೊತೆ ಮಾಹಿತಿ ಹಂಚಿಕೊಳ್ಳುವ ದಾರಿ) ಕೊಡಿ, ಅವರ ಕಡೆಯವರೇ ಕಟ್ಟಿಕೊಳ್ಳಲಿ. ಅವರಿಗಾಗಿ ಕೋಡಿನ ಪ್ರತ್ಯೇಕ ಪ್ರತಿ ಮಾತ್ರ ಬೇಡವೇ ಬೇಡ. ಆಮೇಲಿನ ಪ್ರತಿ ಭದ್ರತಾ ತಿದ್ದುಪಡಿಯನ್ನೂ ಎರಡೆರಡು ಸಲ ಮಾಡಿ ಪರೀಕ್ಷಿಸಬೇಕಾಗುತ್ತದೆ.