ಗುಡಿ ಕುಸಿಯುವಾಗ ಚಪ್ಪಾಳೆ ಹೊಡೆಯಬೇಕಾ?

ಪ್ರಶ್ನೆ: ಹದಿನಾರು ವರ್ಷದ ನನ್ನ ಮಗಳು ಪುರಾತತ್ವವನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಾರಣ ಕೇಳಿದರೆ ಪುರಾತತ್ವಜ್ಞನೇ ಹೀರೊ ಆಗಿರುವ ಇಂಡಿಯಾನಾ ಜೋನ್ಸ್ ಸಿನಿಮಾ! ಇಂಥ ಸಾಹಸ ಸಿನಿಮಾಗಳಿಂದ ನಿಮ್ಮ ಕೆಲಸದ ಬಗ್ಗೆ ಜನರಿಗೆ ತಪ್ಪು ಕಲ್ಪನೆ ಬರುವುದಿಲ್ಲವೇ? ಅವಳನ್ನು ತಡೆಯಲೇ?

ಉತ್ತರ: ತಡೆಯಬೇಡಿ. ಈ ಕೆಲಸಕ್ಕೆ ಬಂದವರಲ್ಲಿ ಸಿನಿಮಾ ನೋಡಿ ಆಸೆ ಹುಟ್ಟಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಅವರನ್ನು 2008ರಲ್ಲಿ ಆರ್ಕಿಯಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಎಂಬ ಪುರಾತತ್ವ ಸಂಸ್ಥೆ ತನ್ನ ಆಡಳಿತ ಮಂಡಳಿಗೇ ಸೇರಿಸಿಕೊಂಡಿತು. ಅಂದರೆ ಈ ಸಿನಿಮಾಗಳಿಂದ ಬಂದ ಲಾಭವನ್ನು ನಮ್ಮವರೂ ಒಪ್ಪಿಕೊಂಡಿದ್ದಾರೆ.

ಆದರೂ ತಪ್ಪು ಕಲ್ಪನೆ ಬರುತ್ತದೆ. ಟೋಪಿ, ಚಾಟಿ, ಹಾವಿನ ಗುಂಡಿ, ಉರುಳಿ ಬರುವ ಬಂಡೆ, ಇವುಗಳಿಂದ ಅಲ್ಲ. ಅದೆಲ್ಲ ಸುಮ್ನೆ ಸಿನಿಮಾ ಅಂತ ಮಕ್ಕಳಿಗೂ ಗೊತ್ತು. ನನಗೆ ಸಂಕಟವಾಗುವ ಜಾಗ ಬೇರೆ. ಹೀರೊ ಒಂದು ವಿಗ್ರಹ ಎತ್ತಿಕೊಂಡು ಓಡುತ್ತಾನೆ, ಹಿಂದೆ ಇಡೀ ಗುಡಿ ಕುಸಿಯುತ್ತದೆ, ವಿಗ್ರಹ ಉಳಿಯಿತಲ್ಲ ಅಂತ ನಾವು ಚಪ್ಪಾಳೆ ಹೊಡೆಯುತ್ತೇವೆ. ಆದರೆ ನಮಗೆ ಬೇಕಾಗಿದ್ದದ್ದು ಆ ಕುಸಿದುಹೋದದ್ದೇ!

ಒಂದು ಮಡಕೆ ಚೂರನ್ನೇ ತೆಗೆದುಕೊಳ್ಳಿ. ಅದು ಹಳೆಯ ಒಲೆಯ ಪಕ್ಕ, ಬೂದಿಯ ಜೊತೆ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಬೂದಿಯಲ್ಲಿನ ಇದ್ದಿಲಿನಿಂದ ಕಾಲ ಲೆಕ್ಕ ಹಾಕಬಹುದು, ಸುಟ್ಟ ಕಾಳುಗಳಿದ್ದರೆ ಅವರು ಏನು ಬೆಳೆದರು, ಏನು ತಿಂದರು ಎಂದು ತಿಳಿಯಬಹುದು, ಮೂಳೆ ಇದ್ದರೆ ಯಾವ ಪ್ರಾಣಿ ಸಾಕಿದ್ದರು ಅಂತಲೂ ಹೇಳಬಹುದು. ಚೂರು ಯಾವ ಪದರದಲ್ಲಿತ್ತು, ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು ಎನ್ನುವುದೂ ಮುಖ್ಯ. ಅದೇ ಚೂರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಓಡಿದರೆ ಇದರಲ್ಲಿ ಮುಕ್ಕಾಲು ಪಾಲು ಹೋಯಿತು. ಒಮ್ಮೆ ಅಗೆದ ಪದರವನ್ನು ಯಾರೂ ವಾಪಸ್ ಇಡಲಾರರು. ಅದಕ್ಕೇ ನಾವು ಕರಣೆ ಹಿಡಿದು ತೆಳುವಾಗಿ ಕೆರೆಯುತ್ತ, ಅಳೆದು, ಫೋಟೊ ತೆಗೆದು, ನಕ್ಷೆ ಬರೆದು, ತೆಗೆದ ಮಣ್ಣನ್ನೂ ಜರಡಿ ಹಿಡಿಯುತ್ತೇವೆ. ನೋಡುವವರಿಗೆ ಬೇಜಾರಿನ ಕೆಲಸ, ನಿಜ. ನನಗೆ ಇದಕ್ಕಿಂತ ರೋಮಾಂಚಕವಾದದ್ದು ಇನ್ನೊಂದಿಲ್ಲ.

ಸಿನಿಮಾ ಥರ ಅಗೆದವರು ನಿಜವಾಗಿಯೂ ಇದ್ದರು. ಜರ್ಮನಿಯ ವ್ಯಾಪಾರಿ ಹೈನ್ರಿಕ್ ಶ್ಲೀಮನ್ 1870ರ ದಶಕದಲ್ಲಿ ಈಗಿನ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ, ಗ್ರೀಕ್ ಪುರಾಣದ ಯುದ್ಧ ನಡೆದ ಟ್ರಾಯ್ ನಗರವನ್ನು ಹುಡುಕುತ್ತ, ಮೇಲಿನ ಪದರಗಳನ್ನು ಸೀಳಿಕೊಂಡು ಸೀದಾ ಆಳಕ್ಕೆ ಇಳಿದ. 1873ರಲ್ಲಿ ಚಿನ್ನ ಸಿಕ್ಕಿತು, ಟ್ರಾಯ್ ರಾಜ ಪ್ರಿಯಾಮನದೇ ಅಂತ ಜಗತ್ತಿಗೆಲ್ಲ ಸಾರಿದ. ಆಮೇಲೆ ನೋಡಿದರೆ ಆ ಚಿನ್ನ ಟ್ರಾಯ್ ಯುದ್ಧ ನಡೆಯಿತು ಎನ್ನುವ ಕಾಲಕ್ಕಿಂತ ಸುಮಾರು 1000 ವರ್ಷ ಹಳೆಯದು. ಅವನು ಹುಡುಕುತ್ತಿದ್ದ ಕಾಲದ ಪದರಗಳಲ್ಲಿ ಎಷ್ಟೋ ಭಾಗವನ್ನು ಅವನೇ ಅಗೆದು ಎಸೆದಿದ್ದ.

ಇದಕ್ಕೆ ತದ್ವಿರುದ್ಧ ಬ್ರಿಟಿಷ್ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್. 1922ರ ನವೆಂಬರ್‌ನಲ್ಲಿ ಅವನಿಗೆ ಪ್ರಾಚೀನ ಈಜಿಪ್ಟಿನ ರಾಜ ತುತಂಖಾಮನ್‌ನ ಗೋರಿ ಸಿಕ್ಕಿತು. ಒಳಗೆ 5000ಕ್ಕೂ ಹೆಚ್ಚು ವಸ್ತುಗಳು. ಸಿನಿಮಾದಲ್ಲಾದರೆ ಒಂದು ರಾತ್ರಿಯ ಕೆಲಸ ಅಲ್ವಾ? ಕಾರ್ಟರ್ ತಂಡಕ್ಕೆ ಹತ್ತು ವರ್ಷ ಬೇಕಾಯಿತು. ನಂಬರು ಹಾಕಿ, ಇದ್ದ ಜಾಗದಲ್ಲೇ ಫೋಟೊ ತೆಗೆದು, ಪುಡಿಯಾಗುವಂತಿದ್ದುದಕ್ಕೆ ಮೇಣ ಹಾಕಿ ಗಟ್ಟಿ ಮಾಡಿ, ಆಮೇಲೆ ಹೊರಗೆ ತಂದರು.

ಅಗೆತ ನೋಡಲು ಬರುವವರು ನಮ್ಮನ್ನು ಮೊದಲು ಕೇಳುವುದೇ "ಚಿನ್ನ ಸಿಕ್ತಾ?" ಅಂತ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಯೋಚನೆಯಲ್ಲಿ ರಾತ್ರಿ ಗುದ್ದಲಿ ಹಿಡಿದು ಬರುವವರೂ ಇದ್ದಾರೆ, ಅವರು ಬಗೆದು ಹೋದ ಗುಂಡಿ ನೋಡಿದರೆ ಅಳು ಬರುತ್ತದೆ. ಕಳ್ಳತನವನ್ನು ಸಿನಿಮಾ ಹುಟ್ಟಿಸಿಲ್ಲ, ಅದು ಸಾವಿರಾರು ವರ್ಷದಿಂದ ಇದೆ. ಆದರೆ ವಸ್ತು ಕೈಗೆ ಬಂದರೆ ಗೆದ್ದ ಹಾಗೆ ಎನ್ನುವ ಭಾವನೆಯನ್ನು ಸಿನಿಮಾ ಜಾಸ್ತಿ ಮಾಡುತ್ತದೆ.

ಮಗಳನ್ನು ಒಮ್ಮೆ ನಿಜವಾದ ಅಗೆತದ ಜಾಗಕ್ಕೆ ಕರೆದುಕೊಂಡು ಹೋಗಿ. ಬಿಸಿಲಲ್ಲಿ ಮಂಡಿಯೂರಿ ಮಣ್ಣು ಕೆರೆಯುವುದನ್ನು ಇಡೀ ದಿನ ನೋಡಿದ ಮೇಲೂ ಅವಳಿಗೆ ಅದೇ ಬೇಕು ಅನ್ನಿಸಿದರೆ ಓದಿಸಿ.

ಪ್ರಶ್ನೆ: ಪಾಯ ತೋಡುವಾಗ ಹಳೆಯ ಮಡಕೆ ಸಿಕ್ಕರೆ ಏನು ಮಾಡಬೇಕು?

ಉತ್ತರ: ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಮಡಕೆಯನ್ನು ಎತ್ತಬೇಡಿ, ಇದ್ದ ಹಾಗೇ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಆಗಲೇ ಎತ್ತಿಬಿಟ್ಟಿದ್ದರೆ ಎಲ್ಲಿ, ಎಷ್ಟು ಆಳದಲ್ಲಿತ್ತು ಎಂದು ಬರೆದಿಡಿ. ಮತ್ತೆ, ದಯವಿಟ್ಟು ತೊಳೆಯಬೇಡಿ. ಒಳಗೆ ಅಂಟಿದ ಕೊಳೆಯಲ್ಲಿ ಅಂದು ಬೇಯಿಸಿದ ಅಡುಗೆಯ ಗುರುತು ಇರಬಹುದು.