ಕಂಬ ಕೊಳ್ಳುವ ಮೊದಲು ಹಳೆಯದು ಏಕೆ ಬಿತ್ತೆಂದು ಹುಡುಕಿ

ಹಾಯಿದೋಣಿಯ ಕಂಬ ಮುರಿದುಕೊಂಡವರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಬಹುಪಾಲು ಪತ್ರಗಳಲ್ಲಿರುವುದು ಒಂದೇ ಪ್ರಶ್ನೆ: ಹಳೆಯದು ಇಷ್ಟು ಮೀಟರ್ ಇತ್ತು, ಅಷ್ಟೇ ಉದ್ದದ್ದು ಸಿಕ್ಕಿದರೆ ಸಾಕಲ್ಲವೇ? ಉದ್ದವೊಂದನ್ನೇ ಅಳೆದು ಕಂಬ ಕೊಂಡವರು ಮುಂದಿನ ವರ್ಷ ಅದೇ ಪತ್ರವನ್ನು ಮತ್ತೆ ಬರೆದದ್ದನ್ನೂ ಕಂಡಿದ್ದೇನೆ. ಆದುದರಿಂದ ಈ ಬಾರಿ ಒಂದು ಪತ್ರಕ್ಕೆ ವಿಸ್ತಾರವಾಗಿ ಉತ್ತರಿಸಿ, ಉಳಿದವುಗಳನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ನನ್ನ ದೋಣಿಯ ಉದ್ದ 5.5 ಮೀಟರ್. ಸಾಧಾರಣ ಗಾಳಿಯಲ್ಲೇ ಅದರ ಕಂಬ ಸ್ಪ್ರೆಡರ್ (ತಂತಿಗಳನ್ನು ಕಂಬದಿಂದ ಹೊರಕ್ಕೆ ತಳ್ಳಿ ಹಿಡಿಯುವ ಅಡ್ಡಕೋಲು) ಇರುವ ಮಟ್ಟದಲ್ಲಿ ಮಡಚಿ ಬಿತ್ತು. ಹಳೆಯ ಕಂಬ 7 ಮೀಟರ್ ಇತ್ತು. ಈಗ ಬೇರೊಂದು ದೋಣಿಯಿಂದ ತೆಗೆದ 7.4 ಮೀಟರಿನ ಅಲ್ಯೂಮಿನಿಯಂ ಕಂಬ ಸಿಕ್ಕಿದೆ. ಬುಡದಲ್ಲಿ 40 ಸೆಂಟಿಮೀಟರ್ ಕತ್ತರಿಸಿ, ಹಳೆಯ ತಂತಿಗಳನ್ನೇ ಕಟ್ಟಿ ನಿಲ್ಲಿಸಬಹುದೇ?

ಉತ್ತರ: ಗರಗಸವನ್ನು ಸದ್ಯಕ್ಕೆ ಕೆಳಗಿಡಿ. ಸಾಧಾರಣ ಗಾಳಿಗೆ ಸರಿಯಾದ ಕಂಬ ಮುರಿಯುವುದಿಲ್ಲ. ಹಾಯಿಕಂಬವೆಂದರೆ ತಂತಿಗಳ ಎಳೆತಕ್ಕೆ ಸಿಕ್ಕಿ ಬುಡದ ಕಡೆಗೆ ಒತ್ತಿಸಿಕೊಳ್ಳುವ ತೆಳುಗೋಡೆಯ ಕೊಳವೆ. ತಂತಿಗಳು ನಾಲ್ಕೂ ಕಡೆಯಿಂದ ಹಿಡಿದಿರುವವರೆಗೆ ಅದು ಎಷ್ಟೋ ಭಾರವನ್ನು ಹೊರುತ್ತದೆ, ಒಂದು ತಂತಿ ಕೈಬಿಟ್ಟರೆ ಮರುಕ್ಷಣವೇ ಮಡಚಿಕೊಳ್ಳುತ್ತದೆ. ಮಡಚಿದ ಜಾಗವೇ ಎಲ್ಲರ ಕಣ್ಣಿಗೆ ಬೀಳುವುದರಿಂದ ತಪ್ಪು ಕಂಬದ ತಲೆಗೆ ಬರುತ್ತದೆ. ನನ್ನ ದೋಣಿಯ ಕಂಬವೂ ಒಮ್ಮೆ ಹೀಗೆ ಬಿದ್ದಿತ್ತು. ಎಲ್ಲವನ್ನೂ ನೀರಿನಿಂದ ಎಳೆದು ತಂದು, ಹುಲ್ಲಿನ ಮೇಲೆ ಹರಡಿ, ಒಂದೊಂದು ತುದಿಯನ್ನೂ ಕೈಯಲ್ಲಿ ಹಿಡಿದು ನೋಡಿದೆ. ಗಾಳಿಬದಿಯ ಶ್ರೌಡ್, ಅಂದರೆ ಕಂಬವನ್ನು ಪಕ್ಕದಿಂದ ಹಿಡಿಯುವ ತಂತಿ, ಪೂರ್ತಿಯಾಗಿತ್ತು, ಟರ್ನ್‌ಬಕಲ್ (ತಂತಿ ಬಿಗಿಮಾಡುವ ತಿರುಪುಜೋಡಣೆ) ಸರಿಯಾಗಿತ್ತು, ಚೈನ್‌ಪ್ಲೇಟಿನ (ತಂತಿ ದೋಣಿಯ ಒಡಲಿಗೆ ಸೇರುವ ಲೋಹದ ಪಟ್ಟಿಯ) ತೂತು ದುಂಡಗೇ ಇತ್ತು. ಎರಡನ್ನೂ ಸೇರಿಸುವ ಕ್ಲೆವಿಸ್ ಪಿನ್ ಮಾತ್ರ ಇರಲಿಲ್ಲ. ಅದು ಜಾರದಂತೆ ತಡೆಯಬೇಕಿದ್ದ, ಬೆಂಕಿಕಡ್ಡಿಗಿಂತ ತೆಳುವಾದ ಸ್ಪ್ಲಿಟ್ ಪಿನ್ನನ್ನು ಹಿಂದಿನ ವಾರ ತಂತಿ ಬಿಗಿಮಾಡುವಾಗ ನಾನೇ ತೆಗೆದಿದ್ದೆ, ಮತ್ತೆ ಹಾಕಿರಲಿಲ್ಲ. ಅಂದಿನಿಂದ ಕಂಬ ಬಿದ್ದ ದೋಣಿಯ ಬಳಿ ಯಾರು ಕರೆದರೂ ಮೊದಲು ಪಿನ್ನುಗಳನ್ನು ಎಣಿಸುತ್ತೇನೆ.

ನೀವೂ ಹಾಗೆಯೇ ಮಾಡಿ. ಯಾವ ತಂತಿ ತುಂಡಾಗಿದೆ, ಯಾವ ಪಿನ್ ಕಾಣೆಯಾಗಿದೆ, ಯಾವ ಟರ್ನ್‌ಬಕಲ್ಲಿನ ತಿರುಪು ಬಾಗಿ ಮುರಿದಿದೆ ಎಂದು ನೋಡಿ. ತಿರುಪು ಬಾಗಿದ್ದರೆ ಅದರ ಕೆಳಗೆ ಎರಡೂ ದಿಕ್ಕಿಗೆ ಹೊರಳಬಲ್ಲ ಟಾಗಲ್ ಇರಲಿಲ್ಲವೆಂದೇ ಸಾಮಾನ್ಯವಾಗಿ ಅರ್ಥ. ಅದನ್ನು ಹಾಕದೆ ಹೊಸ ಕಂಬ ನಿಲ್ಲಿಸಿದರೆ ಹೊಸ ತಿರುಪೂ ಅದೇ ರೀತಿ ಬಾಗುತ್ತದೆ. ತಂತಿಯ ತುದಿಯನ್ನು ಒತ್ತಿ ಕೂರಿಸಿದ ಸ್ವೇಜ್ ಕೊಳವೆಯ ಬಾಯಿಯ ಬಳಿ ಒಂದು ಹತ್ತಿಯುಂಡೆಯನ್ನು ನಿಧಾನವಾಗಿ ಸುತ್ತ ಉಜ್ಜಿ. ಹತ್ತೊಂಬತ್ತು ಎಳೆಗಳಲ್ಲಿ ಒಂದು ಮುರಿದಿದ್ದರೂ ಹತ್ತಿಯ ನಾರು ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಉಪ್ಪುನೀರು ಆ ಬಾಯಿಯೊಳಗೆ ಇಳಿದು ನಿಂತಾಗ, ಗಾಳಿಯ ಆಮ್ಲಜನಕ ತಲುಪದ ಆ ಸಂದಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತನ್ನ ರಕ್ಷಣಾ ಪೊರೆಯನ್ನು ಕಳೆದುಕೊಂಡು ಒಳಗೊಳಗೇ ಕೊರೆಯುತ್ತದೆ. ಹೊರಗಿನ ಹೊಳಪು ಹಾಗೆಯೇ ಉಳಿದಿರುತ್ತದೆ. ಹತ್ತು ವರ್ಷ ದಾಟಿದ ತಂತಿಯನ್ನು ಬದಲಿಸಬೇಕೆಂಬ ರೂಢಿ ಬಂದದ್ದು ಈ ಕಾರಣದಿಂದ. ನಿಮ್ಮ ತಂತಿಗಳು ಹೇಗೇ ಕಾಣಲಿ, ಕಂಬ ಬೀಳುವಾಗ ಅವು ಅಡ್ಡಾದಿಡ್ಡಿ ಎಳೆಸಿಕೊಂಡಿವೆ. ಹಳೆಯ ತಂತಿಗೆ ಹೊಸ ಕಂಬವನ್ನು ನೇತುಹಾಕುವ ಮಾತನ್ನು ನಾನು ಒಪ್ಪುವುದೇ ಇಲ್ಲ. ಹಣ ಕಡಿಮೆಯಿದ್ದರೆ ಬೇರೆಯವರು ಬಳಸಿದ ಕಂಬಕ್ಕೆ ಹೊಸ ತಂತಿ ಹಾಕಿ, ಅದಾದರೂ ನಿಲ್ಲುತ್ತದೆ.

ಈಗ ಆ 7.4 ಮೀಟರಿನ ಕಂಬಕ್ಕೆ ಬರೋಣ. ಅದು ಯಾವ ಬಗೆಯ ದೋಣಿಯಿಂದ ಬಂದದ್ದೆಂದು ನೀವು ಬರೆದಿಲ್ಲ, ಆದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಕಂಬದ ಮೇಲಿನ ಭಾರವನ್ನು ಗಾಳಿಗಿಂತ ಹೆಚ್ಚಾಗಿ ದೋಣಿ ನಿರ್ಧರಿಸುತ್ತದೆ: ಸುಲಭವಾಗಿ ವಾಲುವ ಹಗುರ ದೋಣಿ ಗಾಳಿಗೆ ಬಗ್ಗಿ ತಪ್ಪಿಸಿಕೊಳ್ಳುತ್ತದೆ, ಅಡಿಯಲ್ಲಿ ಸೀಸ ತುಂಬಿಕೊಂಡು ವಾಲದೆ ನಿಲ್ಲುವ ದೋಣಿಯ ಕಂಬ ಆ ಗಾಳಿಯನ್ನೆಲ್ಲ ತಾನೇ ಹೊರಬೇಕು. ಲೆಕ್ಕ ಸರಳವಾಗಿದೆ. 30 ಡಿಗ್ರಿ ವಾಲಿದ ದೋಣಿ ಮತ್ತೆ ನೆಟ್ಟಗಾಗಲು ತೋರುವ ತಿರುಗುಬಲವನ್ನು, ಕಂಬದ ನಡುವಿನಿಂದ ಚೈನ್‌ಪ್ಲೇಟಿಗಿರುವ ದೂರದಿಂದ ಭಾಗಿಸಿ. ತಿರುಗುಬಲ 270 ಕಿಲೋಗ್ರಾಂ-ಮೀಟರ್ ಇದ್ದು ದೂರ 0.9 ಮೀಟರ್ ಇದ್ದರೆ 300 ಕಿಲೋ ಬಂತು. ಮುಂದಿನ ಸ್ಟೇ (ಕಂಬವನ್ನು ಮುಂದಿನಿಂದ ಹಿಡಿಯುವ ತಂತಿ) ಮತ್ತು ಹಾಲ್ಯಾರ್ಡುಗಳ (ಹಾಯಿ ಏರಿಸುವ ಹಗ್ಗಗಳ) ಎಳೆತಕ್ಕೆಂದು ಒಂದೂವರೆ ಪಟ್ಟು ಹಿಡಿದರೆ 450 ಕಿಲೋ. ಅದೇ ದೋಣಿಯ ಚೈನ್‌ಪ್ಲೇಟುಗಳು 0.6 ಮೀಟರಿನಲ್ಲಿದ್ದರೆ ಕಂಬದ ಬುಡದ ಮೇಲೆ 675 ಕಿಲೋ ಬೀಳುತ್ತದೆ. ಒಂದೇ ಉದ್ದದ ಎರಡು ಕಂಬಗಳು ಒಂದರ ಜಾಗದಲ್ಲಿ ಇನ್ನೊಂದು ಏಕೆ ನಿಲ್ಲಲಾರವೆಂಬುದು ಇದರಲ್ಲೇ ಕಾಣುತ್ತದೆ.

ಆದ್ದರಿಂದ ನಿಮ್ಮ ಮುರಿದ ಕಂಬದ ಕೊಳವೆಯನ್ನು ಮುಂದುಹಿಂದಿನ ಅಗಲ, ಅಡ್ಡಗಲ, ಗೋಡೆಯ ದಪ್ಪ ಎಂದು ಮೂರು ಅಳತೆ ತೆಗೆದು, ಸಿಕ್ಕಿರುವ ಕಂಬದೊಂದಿಗೆ ಹೋಲಿಸಿ. ಗೋಡೆಯ ದಪ್ಪ ಒಂದೇ ಇದ್ದು ವ್ಯಾಸ ಶೇ 10ರಷ್ಟು ಹೆಚ್ಚಿದರೆ ತೂಕ ಏರುವುದು ಸುಮಾರು ಶೇ 10, ಬಾಗದೆ ನಿಲ್ಲುವ ಬಿಗಿತ ಏರುವುದು ಸುಮಾರು ಶೇ 33. ಹೀಗಿರುವಾಗ ಸ್ವಲ್ಪ ದಪ್ಪದ ಕೊಳವೆ ಸಿಕ್ಕಿದರೆ ಹೆದರಬೇಕಿಲ್ಲ, ತೆಳ್ಳಗಿನದು ಸಿಕ್ಕಿದರೆ ಬಿಟ್ಟುಬಿಡಿ. ಆ ಕಂಬ ಮೊದಲಿನ ದೋಣಿಯಲ್ಲಿ ಡೆಕ್ಕನ್ನು (ದೋಣಿಯ ಮೇಲ್ಹಾಸನ್ನು) ತೂರಿ ಕೆಳಗೆ ಇಳಿದಿತ್ತೇ, ಡೆಕ್ಕಿನ ಮೇಲೆಯೇ ಕೂತಿತ್ತೇ ಎಂದೂ ಕೇಳಿ. ಡೆಕ್ಕನ್ನು ತೂರಿದ ಕಂಬಕ್ಕೆ ಆ ತೂತಿನ ಹಿಡಿತವೇ ಒಂದು ಆಸರೆಯಾಗಿರುತ್ತದೆ. ಅದನ್ನು ತಂದು ಡೆಕ್ಕಿನ ಮೇಲೆ ಕೂರಿಸಿದರೆ ಆ ಆಸರೆ ತಪ್ಪಿಹೋಗುತ್ತದೆ.

ಕತ್ತರಿಸುವ ವಿಚಾರದಲ್ಲಿ, ಕಂಬಕ್ಕೆ ಒಂದು ಉದ್ದವಲ್ಲ, ನಾಲ್ಕು ಎತ್ತರಗಳಿವೆ: ಬುಡದಿಂದ ಬೂಮ್ (ಹಾಯಿಯ ಕೆಳಅಂಚನ್ನು ಹಿಡಿಯುವ ಅಡ್ಡಗೋಲು) ಸೇರುವ ಗೂಸ್‌ನೆಕ್, ಬುಡದಿಂದ ಸ್ಪ್ರೆಡರ್, ಬುಡದಿಂದ ಶ್ರೌಡ್‌ಗಳು ಸೇರುವ ಜಾಗ, ಬುಡದಿಂದ ತುದಿಯ ರಾಟೆ. ಬುಡದಲ್ಲಿ 40 ಸೆಂಟಿಮೀಟರ್ ತೆಗೆದರೆ ನಾಲ್ಕೂ 40 ಸೆಂಟಿಮೀಟರ್ ಇಳಿಯುತ್ತವೆ. ಬೂಮ್ ಕುಳಿತವರ ತಲೆಯ ಮಟ್ಟಕ್ಕೆ ಬರಬಹುದು. ತುದಿಯಲ್ಲಿ ತೆಗೆದರೆ ಹಾಯಿಯ ರಾಟೆ ಮಾತ್ರ ಇಳಿದು, ಶ್ರೌಡ್ ಸೇರುವ ಜಾಗ ಎತ್ತರದಲ್ಲೇ ಉಳಿಯುತ್ತದೆ, ಮೇಲೆ ಹೋಗುತ್ತ ಸಣ್ಣದಾಗುವ ಕಂಬವಾದರೆ ಬಾಗಬೇಕಾದ ತುದಿಯೇ ಹೋಗಿಬಿಡುತ್ತದೆ. ನಿಮ್ಮ ಹಳೆಯ ಕಂಬದ ನಾಲ್ಕು ಎತ್ತರಗಳನ್ನು ಕಾಗದದ ಮೇಲೆ ಬರೆದುಕೊಂಡು, ಹೊಸದರಲ್ಲಿ ಯಾವುದನ್ನು ಸರಿಸಬೇಕಾಗುತ್ತದೆಂದು ನೋಡಿ. ಸ್ಪ್ರೆಡರನ್ನು ಮನಸ್ಸಿಗೆ ಬಂದ ಕಡೆ ಹಾಕಬೇಡಿ: ಎರಡು ಆಸರೆಗಳ ನಡುವಿನ ಭಾಗ ಶೇ 10ರಷ್ಟು ಉದ್ದವಾದರೆ ಅದು ಮಡಚದೆ ಹೊರಬಲ್ಲ ಭಾರ ಸುಮಾರು ಶೇ 17ರಷ್ಟು ಕುಸಿಯುತ್ತದೆ. ಸ್ಪ್ರೆಡರಿನ ಹೊರತುದಿ ತುಸು ಮೇಲೆದ್ದು, ಅಲ್ಲಿ ಬಾಗುವ ಶ್ರೌಡಿನ ಕೋನವನ್ನು ಸರಿಯಾಗಿ ಎರಡು ಪಾಲು ಮಾಡಬೇಕು. ಇಲ್ಲವಾದರೆ ಅದು ತಂತಿಯ ಮೇಲೆ ಜಾರುತ್ತದೆ.

ಕೊಳ್ಳುವ ಮೊದಲು ಕಂಬವನ್ನು ಎರಡು ಆಸರೆಗಳ ಮೇಲೆ ಮಲಗಿಸಿ, ಹಾಯಿಯ ಅಂಚು ಜಾರುವ ತೋಡಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಗೆರೆ ಎಲ್ಲಾದರೂ ಸೊಟ್ಟಗಾಗಿದ್ದರೆ ಕಂಬ ಒಮ್ಮೆ ಬಾಗಿದೆ; ಬಾಗಿಸಿ ನೆಟ್ಟಗೆ ಮಾಡಿದ ಕಂಬವನ್ನು ನಾನು ಮುಟ್ಟುವುದಿಲ್ಲ. ಬುಡವನ್ನು, ಅದರಲ್ಲೂ ಒಳಗೋಡೆಯನ್ನು, ದೀಪ ಬಿಟ್ಟು ನೋಡಿ. ಸ್ಟೇನ್‌ಲೆಸ್ ತಿರುಪುಗಳ ಸುತ್ತ ಬಿಳಿಯ ಹುಡಿ ಕಂಡರೆ, ಬಣ್ಣ ಗುಳ್ಳೆಯೆದ್ದಿದ್ದರೆ, ಅಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತಿದೆ. ಉಗುರಿನಿಂದ ಕೆರೆದು ಆಳ ನೋಡಿ. ಸ್ಪ್ರೆಡರಿನ ಬುಡದ ತೂತುಗಳಿಂದ ಹೊರಟ ಕೂದಲೆಳೆಯಂಥ ಬಿರುಕು ಇದ್ದರೆ ಮಾತುಕತೆಯೇ ಬೇಡ.

ನಿಮ್ಮ ಹಾಯಿಯನ್ನೂ ಮರೆಯಬೇಡಿ. ಹಾಯಿಯ ಮುಂದಿನ ಅಂಚನ್ನು ಹಳೆಯ ಕಂಬ ಬಾಗುವಷ್ಟಕ್ಕೆ ಲೆಕ್ಕ ಹಾಕಿ ಕಮಾನಾಗಿ ಕತ್ತರಿಸಿರುತ್ತಾರೆ. ಹೊಸ ಕಂಬ ಗಟ್ಟಿಯಾಗಿದ್ದರೆ ಹಾಯಿ ಚೀಲದಂತೆ ಉಬ್ಬುತ್ತದೆ. ಹೆಚ್ಚು ಬಾಗಿದರೆ ಕಂಬದ ನಡುವಿನಿಂದ ಹಿಂದಿನ ಕೆಳಮೂಲೆಯ ಕಡೆಗೆ ಓರೆ ನಿರಿಗೆಗಳು ಮೂಡುತ್ತವೆ, ಆಗ ಹಾಯಿಯ ಅಂಚನ್ನು ತಿದ್ದಿಸಬೇಕಾಗುತ್ತದೆ. ಹಾಯಿಯ ಅಂಚಿನ ಹಗ್ಗ ಹೊಸ ಕಂಬದ ತೋಡಿನಲ್ಲಿ ಸರಾಗವಾಗಿ ಜಾರುತ್ತದೆಯೇ ಎಂದು ಒಂದು ತುಂಡನ್ನು ತೂರಿಸಿ ನೋಡಿದ ಮೇಲೆಯೇ ಹಣ ಕೊಡಿ.

ಜೋಡಿಸುವಾಗ ತೂತುಗಳನ್ನು ಒಂದೇ ಮಟ್ಟದಲ್ಲಿ ಸುತ್ತಲೂ ಸಾಲಾಗಿ ಕೊರೆಯಬೇಡಿ, ಕಂಬ ಅಲ್ಲಿಯೇ ಮಡಚಿಕೊಳ್ಳುತ್ತದೆ. ಭಾರ ಹೊರುವ ಕಡೆ ಮೊನೆಲ್ (ನಿಕ್ಕಲ್-ತಾಮ್ರದ ಮಿಶ್ರಲೋಹ) ರಿವೆಟ್ ಹಾಕಿ. ಸ್ಟೇನ್‌ಲೆಸ್ ಅಲ್ಯೂಮಿನಿಯಮ್ಮನ್ನು ಮುಟ್ಟುವ ಪ್ರತಿಯೊಂದು ಜಾಗಕ್ಕೂ ಡ್ಯುರಾಲಾಕ್ ಅಥವಾ ಟೆಫ್-ಜೆಲ್‌ನಂಥ ಬೇರ್ಪಡಿಸುವ ಲೇಪ ಹಚ್ಚಿ. ಬುಡದಲ್ಲಿ ನೀರು ಹೊರಹೋಗುವ ತೂತು ಇರಲೇಬೇಕು.

ನಿಲ್ಲಿಸಿದ ಮೇಲೆ ಹಾಲ್ಯಾರ್ಡಿನ ತುದಿಯನ್ನು ಎಡಬಲದ ಚೈನ್‌ಪ್ಲೇಟುಗಳಿಗೆ ಒಂದೇ ಎಳೆತದಲ್ಲಿ ಮುಟ್ಟಿಸಿ, ಎರಡೂ ಕಡೆ ಅಳತೆ ಒಂದೇ ಬರುವವರೆಗೆ ಶ್ರೌಡ್‌ಗಳನ್ನು ಸರಿಪಡಿಸಿ. ಅದೇ ಹಾಲ್ಯಾರ್ಡಿಗೆ ಭಾರ ಕಟ್ಟಿ ಇಳಿಬಿಟ್ಟರೆ ಕಂಬ ಹಿಂದಕ್ಕೆ ಎಷ್ಟು ಒರಗಿದೆಯೆಂದು ಗೊತ್ತಾಗುತ್ತದೆ. ಹಳೆಯ ಕಂಬದ ಒರಗುವಿಕೆಯನ್ನೇ ಮೊದಲು ಇಟ್ಟುಕೊಳ್ಳಿ. ಬಿಗಿತವನ್ನು ಬೆರಳಿನಿಂದ ಮೀಟಿ ಊಹಿಸುವವರ ಮಾತು ಕೇಳಬೇಡಿ. ಸಡಿಲವಾಗಿರುವ ತಂತಿಯ ಮೇಲೆ ಸರಿಯಾಗಿ 2 ಮೀಟರ್ ಗುರುತಿಸಿ ಬಿಗಿಮಾಡುತ್ತ ಹೋಗಿ: 19 ಎಳೆಯ ಸ್ಟೇನ್‌ಲೆಸ್ ತಂತಿ, ದಪ್ಪ ಎಷ್ಟೇ ಇರಲಿ, ಆ 2 ಮೀಟರಿನಲ್ಲಿ 1 ಮಿಲಿಮೀಟರ್ ಹಿಗ್ಗಿದರೆ ತುಂಡಾಗುವ ಭಾರದ ಶೇ 5ರಷ್ಟು ಎಳೆತ ಬಂದಿರುತ್ತದೆ. ನಿಮ್ಮ ದೋಣಿಗೆ ನಾನು 3 ಮಿಲಿಮೀಟರಿಗೆ, ಅಂದರೆ ಶೇ 15ಕ್ಕೆ, ನಿಲ್ಲಿಸುತ್ತೇನೆ. ಹೆಚ್ಚು ಬೇಕೆನ್ನುವವರೂ ಇದ್ದಾರೆ, ಆದರೆ ಹಳೆಯ ದೋಣಿಯ ಡೆಕ್ಕಿನ ಮೇಲೆ ನನಗೆ ಅಷ್ಟು ಧೈರ್ಯವಿಲ್ಲ. ಕೊನೆಗೆ ಪ್ರತಿಯೊಂದು ಪಿನ್ನಿಗೂ ಹೊಸ ಸ್ಪ್ಲಿಟ್ ಪಿನ್ ಹಾಕಿ, ಕಾಲುಗಳನ್ನು ಅಗಲಿಸಿ, ಟೇಪ್ ಸುತ್ತಿ, ದೋಣಿಯನ್ನು ಒಂದು ಸುತ್ತು ಬಂದು ಜೋರಾಗಿ ಎಣಿಸಿ.

ಪ್ರಶ್ನೆ: ಮುರಿದ ಅಲ್ಯೂಮಿನಿಯಂ ಕಂಬವನ್ನು ವೆಲ್ಡ್ ಮಾಡಿಸಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದು ವೆಲ್ಡರ್ ಹೇಳುತ್ತಾರೆ. ನಿಜವೇ?

ಉತ್ತರ: ಸುಳ್ಳು, ಮತ್ತು ಅಪಾಯದ ಸುಳ್ಳು. ಕಂಬಕ್ಕೆ ಬಳಸುವ 6061-ಟಿ6 ಅಥವಾ 6082-ಟಿ6 ಮಿಶ್ರಲೋಹಕ್ಕೆ ಬಲ ಬಂದಿರುವುದು ಕಾಯಿಸಿ, ತಣಿಸಿ, ಹದಗೊಳಿಸಿದ್ದರಿಂದ. ವೆಲ್ಡಿಂಗಿನ ಶಾಖ ಬೆಸುಗೆಯ ಎರಡೂ ಬದಿಯಲ್ಲಿ ಆ ಹದವನ್ನು ಕೆಡಿಸಿ, ಬಲದ ದೊಡ್ಡ ಪಾಲನ್ನು ಕಳೆಯುತ್ತದೆ. ಬೆಸುಗೆ ಉಳಿದು, ಅದರ ಪಕ್ಕದ ಲೋಹ ಸೀಳುತ್ತದೆ. ಸೇರಿಸಲೇಬೇಕಾದರೆ ಒಳಗೆ ಬಿಗಿಯಾಗಿ ಕೂರುವ ಉದ್ದನೆಯ ತೋಳುಕೊಳವೆ ಹಾಕಿ ರಿವೆಟ್ ಮಾಡಿಸಿ. ಆ ಜೋಡಣೆ ಸ್ಪ್ರೆಡರ್ ಮತ್ತು ಗೂಸ್‌ನೆಕ್‌ಗಳಿಂದ ದೂರವಿರಲಿ.

ಪ್ರಶ್ನೆ: ತೆಳುಗೋಡೆಯ ಉಕ್ಕಿನ ಕೊಳವೆ ಆಗಬಹುದೇ?

ಉತ್ತರ: ಉಕ್ಕು ಅಲ್ಯೂಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಬಿಗಿ, ಸುಮಾರು ಮೂರು ಪಟ್ಟು ಭಾರ. ಗಳಿಕೆ ಇಲ್ಲ, ತುಕ್ಕು ಮಾತ್ರ ಉಳಿಯುತ್ತದೆ.

ಪ್ರಶ್ನೆ: ಮರದ ಕಂಬವನ್ನು ಟೊಳ್ಳಾಗಿ ಕಟ್ಟಿದರೆ ದುರ್ಬಲವಾಗದೇ?

ಉತ್ತರ: ಗೋಡೆಯ ದಪ್ಪ ವ್ಯಾಸದ ಐದನೇ ಒಂದು ಭಾಗ ಇರುವಂತೆ ಕಟ್ಟಿದರೆ ತೂಕ ಶೇ 64ಕ್ಕೆ ಇಳಿಯುತ್ತದೆ, ಬಿಗಿತ ಶೇ 87ರಷ್ಟು ಉಳಿಯುತ್ತದೆ. ಬುಡದಲ್ಲಿ, ಸ್ಪ್ರೆಡರಿನಲ್ಲಿ, ಶ್ರೌಡ್ ಸೇರುವಲ್ಲಿ ಮಾತ್ರ ಒಳಗೆ ಗಟ್ಟಿ ಮರ ತುಂಬಿ.

ಪ್ರಶ್ನೆ: ಶುಭವೆಂದು ಕಂಬದ ಬುಡದಡಿ ತಾಮ್ರದ ನಾಣ್ಯ ಇಡಬೇಕೇ?

ಉತ್ತರ: ಮರದ ಕಂಬಕ್ಕೆ ಇಡಿ. ಅಲ್ಯೂಮಿನಿಯಂ ಬುಡಕ್ಕೆ ಉಪ್ಪುನೀರಿನಲ್ಲಿ ತಾಮ್ರ ತಗುಲಿದರೆ ಬುಡವೇ ಕೊರೆದುಹೋಗುತ್ತದೆ.

ಪ್ರಶ್ನೆ: ಸ್ಪರ್ಧೆಯ ಐಎಲ್‌ಸಿಎ (ಒಬ್ಬರೇ ನಡೆಸುವ ಒಂದು ಸ್ಪರ್ಧಾವರ್ಗದ) ದೋಣಿಗೆ ಪೇಟೆಯ ಕೊಳವೆ ಹಾಕಬಹುದೇ?

ಉತ್ತರ: ಇಲ್ಲ. ಆ ವರ್ಗದ ನಿಯಮಪುಸ್ತಕ ಓದಿ.

ಪ್ರಶ್ನೆ: 7 ಮೀಟರಿನ ಕಂಬವನ್ನು ಒಬ್ಬನೇ ಎತ್ತಿ ನಿಲ್ಲಿಸುವ ಉಪಾಯ ತಿಳಿಸಿ.

ಉತ್ತರ: ತಿಳಿಸುವುದಿಲ್ಲ. ಇನ್ನಿಬ್ಬರನ್ನು ಕರೆಯಿರಿ. ಒಬ್ಬರು ಬುಡ ಹಿಡಿಯಲಿ, ಒಬ್ಬರು ಮುಂದಿನ ಸ್ಟೇ ಎಳೆಯಲಿ, ಕಂಬ ಅಡ್ಡಕ್ಕೆ ವಾಲದಂತೆ ಶ್ರೌಡ್‌ಗಳು ಮೊದಲೇ ಕಟ್ಟಿರಲಿ. ಅದಕ್ಕೂ ಮುಂಚೆ ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ನೋಡಿ. ನಿಲ್ಲಿಸುವ ಜಾಗದ ಮೇಲೆ ಮಾತ್ರವಲ್ಲ, ನಿಂತ ಕಂಬದೊಂದಿಗೆ ದೋಣಿಯನ್ನು ನೀರಿನವರೆಗೆ ತಳ್ಳಿಕೊಂಡು ಹೋಗುವ ದಾರಿಯುದ್ದಕ್ಕೂ ನೋಡಿ. ಅಲ್ಯೂಮಿನಿಯಂ ಕಂಬ ತಂತಿಗೆ ತಗುಲಿ ದೋಣಿ ಹಿಡಿದವರು ಸತ್ತ ಪ್ರಕರಣಗಳಿವೆ. ದಾರಿಯಲ್ಲಿ ತಂತಿ ಇದ್ದರೆ ಕಂಬವನ್ನು ಮಲಗಿಸಿಕೊಂಡೇ ಹೋಗಿ, ಅದನ್ನು ದಾಟಿದ ಮೇಲೆ ನಿಲ್ಲಿಸಿ.