ಮೆಗಾಪಿಕ್ಸೆಲ್ ಬಿಡಿ, ಸೆನ್ಸರ್ ಎಷ್ಟು ದೊಡ್ಡದು ಅಂತ ಕೇಳಿ

ಪ್ರಶ್ನೆ: ತಂಗಿಯ ಮದುವೆಗೆ ಚಿಕ್ಕ ಕ್ಯಾಮೆರಾ ಕೊಳ್ಳಬೇಕು. ಎರಡು ನೋಡಿದ್ದೇನೆ, ಎರಡೂ 20 ಮೆಗಾಪಿಕ್ಸೆಲ್. ಒಂದರ ಸೆನ್ಸರ್ 1/2.3 ಇಂಚು, ಜೂಮ್ 40 ಪಟ್ಟು. ಇನ್ನೊಂದರದು 1 ಇಂಚು, ಜೂಮ್ ಬರೀ 3.6 ಪಟ್ಟು, ಬೆಲೆ ಮಾತ್ರ ಜಾಸ್ತಿ. ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು?

ಉತ್ತರ: ಎಷ್ಟು ಸಲ ಹೇಳಿದರೂ ಪ್ರಶ್ನೆ ಮೆಗಾಪಿಕ್ಸೆಲ್‌ನಿಂದಲೇ ಶುರುವಾಗುತ್ತದೆ. ಬೆಳಕು ಬಿದ್ದು ಚಿತ್ರ ಮೂಡುವ ಜಾಗವೇ ಸೆನ್ಸರ್. ಅದು ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. 1/2.3 ಇಂಚಿನ ಸೆನ್ಸರ್ ಸುಮಾರು 6.2 × 4.6 ಮಿ.ಮೀ. 1 ಇಂಚಿನದು 13.2 × 8.8 ಮಿ.ಮೀ. ಅಳೆದರೆ ಯಾವ ಕಡೆಯೂ ಇಂಚು ಬರಲ್ಲ. ಅದು ಹಳೇ ಟೀವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಕಾಲದ ಲೆಕ್ಕ. ಹಾಗಾಗಿ ಅಂಗಡಿಯಲ್ಲಿ ಮಿಲಿಮೀಟರ್ ಲೆಕ್ಕವನ್ನೇ ಕೇಳಿ. ದೊಡ್ಡದರ ವಿಸ್ತೀರ್ಣ ನಾಲ್ಕು ಪಟ್ಟು, ಬೆಳಕೂ ಅಷ್ಟೇ ಜಾಸ್ತಿ.

ಮದುವೆ ಛತ್ರದ ಟ್ಯೂಬ್‌ಲೈಟಿನಲ್ಲಿ ಐಎಸ್‌ಒ (ಕಡಿಮೆ ಬೆಳಕಿನಲ್ಲೂ ಚಿತ್ರ ಬೆಳಗುವಂತೆ ಏರಿಸುವ ಅಂಕಿ) 1600ಕ್ಕೆ ಏರಿಸಿ ನೋಡಿ. ಚಿಕ್ಕ ಸೆನ್ಸರ್ ಚಿತ್ರದ ತುಂಬಾ ಕಾಳು ಕಾಳು. ಅದನ್ನು ಒರೆಸಲು ಹೋಗಿ ಕ್ಯಾಮೆರಾ ಸೀರೆಯ ಜರಿ, ಹುಬ್ಬಿನ ಕೂದಲನ್ನೂ ಒರೆಸಿಬಿಡುತ್ತದೆ. ಮುಖ ಮೇಣ ಬಳಿದ ಹಾಗೆ ಕಾಣುತ್ತದೆ. ಮೊಬೈಲ್ ಪರದೆಯಲ್ಲಿ ಇದು ಗೊತ್ತಾಗಲ್ಲ. ಆಲ್ಬಮ್‌ಗೆ ಪ್ರಿಂಟ್ ಹಾಕಿಸಿದ ಮೇಲೆ ಬೇಜಾರಾಗುತ್ತದೆ, ಆಗ ಮದುವೆ ಮುಗಿದಿರುತ್ತದೆ.

ಲೆನ್ಸನ್ನೂ ನೋಡಿ. ಅದರ ಬಾಯಿ ಎಷ್ಟು ತೆರೆಯುತ್ತದೆ ಅಂತ ಎಫ್ ಅಂಕಿ ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಉದ್ದ ಜೂಮಿನ ಚಿಕ್ಕ ಕ್ಯಾಮೆರಾಗಳು ಎಫ್/3.3ರ ಆಸುಪಾಸಿನಲ್ಲಿ ಶುರುವಾಗುತ್ತವೆ. 2012ರಲ್ಲಿ ಬಂದ, 1 ಇಂಚಿನ ಸೆನ್ಸರ್ ಇರುವ ಸೋನಿ ಆರ್‌ಎಕ್ಸ್100 ಕ್ಯಾಮೆರಾದ್ದು ಎಫ್/1.8, ಅಂದರೆ ಮೂರು ಪಟ್ಟಿಗಿಂತ ಜಾಸ್ತಿ ಬೆಳಕು. ಜೂಮ್ ಎಳೆದರೆ ಅದೂ ಎಫ್/4.9 ಆಗಿ ಬೆಳಕು ಕಡಿಮೆಯಾಗುತ್ತದೆ. ಆದ್ದರಿಂದ ಜೂಮ್ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿ ತೆಗೆಯಿರಿ.

ಮೆಗಾಪಿಕ್ಸೆಲ್ ಪೈಪೋಟಿ ತಯಾರಕರಿಗೂ ಅತಿಯಾಗಿತ್ತು. ಕ್ಯಾನನ್ 2008ರ ಜಿ10 ಕ್ಯಾಮೆರಾದಲ್ಲಿ 14.7 ಮೆಗಾಪಿಕ್ಸೆಲ್ ಕೊಟ್ಟಿತ್ತು. ಮರುವರ್ಷ ಅದೇ ಅಳತೆಯ ಸೆನ್ಸರ್ ಇಟ್ಟು ಜಿ11ರಲ್ಲಿ 10ಕ್ಕೆ ಇಳಿಸಿತು. ಇಷ್ಟಾದರೂ ನಮ್ಮ ಅಂಗಡಿಯವರು ಆ ಒಂದು ಅಂಕಿ ಹೇಳಿಯೇ ಮಾರುತ್ತಾರೆ.

ಬಿಸಿಲಲ್ಲಿ ಹಕ್ಕಿ ತೆಗೆಯುವವರು 40 ಪಟ್ಟಿನದನ್ನು ಕೊಳ್ಳಲಿ. ನೀವು 1 ಇಂಚಿನದನ್ನೇ ತಗೊಳ್ಳಿ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಒಳ್ಳೆ ಸ್ಥಿತಿಯಲ್ಲಿರುವ ಹಳೇದು ಹುಡುಕಿ.

ಪ್ರಶ್ನೆ: ಹಳೇ ಸಿಸಿಡಿ (ಹಿಂದಿನ ಕಾಲದ ಒಂದು ಬಗೆಯ ಸೆನ್ಸರ್) ಕ್ಯಾಮೆರಾದಲ್ಲಿ ಬಣ್ಣ ಚೆನ್ನಾಗಿ ಬರುತ್ತಂತೆ, ನಿಜವೇ?

ಉತ್ತರ: ಬಣ್ಣ ಬರುವುದು ಸೆನ್ಸರ್ ಮೇಲಿನ ಫಿಲ್ಟರ್ ಮತ್ತು ಕ್ಯಾಮೆರಾ ಒಳಗಿನ ಲೆಕ್ಕಾಚಾರದಿಂದ. ಸಿಸಿಡಿ ಹೆಸರು ಹೇಳಿ ಹಳೇ ಡಬ್ಬಕ್ಕೆ ದುಬಾರಿ ಬೆಲೆ ಕೇಳುವವರಿಂದ ದೂರ ಇರಿ.

ಪ್ರಶ್ನೆ: ಫೋನಿನಲ್ಲಿ 200 ಮೆಗಾಪಿಕ್ಸೆಲ್ ಇದೆಯಲ್ಲ?

ಉತ್ತರ: 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಸಾಮಾನ್ಯವಾಗಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ.

ಪ್ರಶ್ನೆ: ಸೆನ್ಸರ್ ಮೇಲೆ ಧೂಳು ಕೂತಿದೆ. ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಹೋಗುತ್ತೆ ಅಂತ ವಿಡಿಯೋದಲ್ಲಿ ತೋರಿಸಿದ್ದಾರೆ.

ಉತ್ತರ: ದಯವಿಟ್ಟು ಬೇಡ. ಸರ್ವಿಸ್ ಸೆಂಟರಿಗೆ ಕೊಡಿ.